ಮಂಗನ ಕಾಯಿಲೆ ಉಲ್ಬಣಿಸುವುದೇಕೆ: ಉಣುಗಿನ ಲೆಕ್ಕಾಚಾರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಮೊದಲು ಹಳದಿ ಜ್ವರವಿರಬಹುದೆಂಬ ಅನುಮಾನವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಸೇರಿದ ಫ್ಲೇವಿವೈರಸ್ ಗುಂಪಿನದೇ ಹೊಸ ವೈರಸ್. ಆದರೆ ಹಳದಿ ಜ್ವರವನ್ನು ಹರಡುವುದು ಸೊಳ್ಳೆ, ಇದನ್ನು ಹರಡುವುದು ಉಣುಗು, ಅಂದರೆ ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯದು.

ವೈರಸ್ ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. ಅಷ್ಟರಿಂದಲೇ ಊರಿಗೆ ಊರೇ ಮಲಗುವುದಿಲ್ಲ. ಸೋಂಕು ತಗುಲಿದ ಮಂಗ ಅಥವಾ ಮುಸಿಯದ (ಕರಿಮೂತಿಯ ಲಂಗೂರ್) ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ, ಅದನ್ನು ಹೀರಿದ ಮರಿ ಉಣುಗುಗಳು ಸೋಂಕು ಹೊರುತ್ತವೆ. ಮಂಗ ಸತ್ತಾಗ ಅವು ಮೈಬಿಟ್ಟು ಅಲ್ಲೇ ತರಗೆಲೆಗೆ ಇಳಿಯುತ್ತವೆ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಇದಕ್ಕೇ. ಹೆಣವನ್ನಷ್ಟೇ ಸುಟ್ಟು ನೆಲವನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವೇ ಆದಂತೆ.

ದನದ ಪಾತ್ರದಲ್ಲಿ ಹೆಚ್ಚಿನವರು ಎಡವುತ್ತಾರೆ. ದನದ ರಕ್ತದಲ್ಲಿ ವೈರಸ್ ಹೆಚ್ಚು ಬೆಳೆಯದು, ಹಾಗಾಗಿ ಅದು ವೈರಸ್ಸಿನ ಮೂಲವಲ್ಲ. ಆದರೆ ಬೆಳೆದ ಉಣುಗಿಗೆ ಹೊಟ್ಟೆ ತುಂಬುವಷ್ಟು ರಕ್ತ ಕೊಡುವುದು ಅದೇ. ರಕ್ತ ಕುಡಿದ ಹೆಣ್ಣು ನೆಲಕ್ಕಿಳಿದು ರಾಶಿ ಮೊಟ್ಟೆ ಇಡುತ್ತದೆ. ಮಂಗ ವೈರಸ್ ಹೆಚ್ಚಿಸುತ್ತದೆ, ದನ ಉಣುಗು ಹೆಚ್ಚಿಸುತ್ತದೆ. ಕಾಡಂಚಿಗೆ ತೋಟ, ಮೇವು, ಮನೆ ಒತ್ತಿಕೊಂಡಷ್ಟೂ ಈ ಎರಡೂ ಒಂದೇ ಜಾಗದಲ್ಲಿ ಕೂಡುತ್ತವೆ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಕಾಯಿಲೆ ಭುಗಿಲೆದ್ದಿದ್ದು ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೆ.

ಇನ್ನು ಕಾಲ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ನಿಂಫ್, ಅಂದರೆ ಎಂಟು ಕಾಲಿನ, ಸಾಸಿವೆಗಿಂತ ದೊಡ್ಡದಲ್ಲದ ಮರಿ. ಮೈಮೇಲೆ ಹರಿದರೂ ಗೊತ್ತಾಗದು. ಡಿಸೆಂಬರ್‌ನಿಂದ ಮೇವರೆಗೆ ಇದರ ಹಾವಳಿ. ಕೊಟ್ಟಿಗೆಗೆ ತರಗು, ಒಲೆಗೆ ಸೌದೆ ತರಲು ಜನ ಕಾಡಿಗೆ ಹೋಗುವುದೂ ಆಗಲೇ. ಹೋಗುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡೀಪಾ ತೈಲ, ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆಗೂ ಬಿಸಿನೀರು. ಕಚ್ಚಿಕೊಂಡಿದ್ದನ್ನು ಚಿಮ್ಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ.

ಕಚ್ಚಿದ 3–8 ದಿನಕ್ಕೆ ಚಳಿಜ್ವರ, ಹಣೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಸಾವು ಸುಮಾರು 3–5%. ಜ್ವರ ಇಳಿದು ವಾರ-ಎರಡು ವಾರವಾದ ಮೇಲೆ ಕೆಲವರಿಗೆ ತಲೆನೋವು, ಗೊಂದಲದೊಂದಿಗೆ ಮರಳುವುದುಂಟು. ಮನುಷ್ಯನಿಂದ ಮನುಷ್ಯನಿಗೆ ಹರಡದು, ಆದ್ದರಿಂದ ರೋಗಿಯನ್ನು ದೂರವಿಡುವುದರಲ್ಲಿ ಅರ್ಥವಿಲ್ಲ. ಪತ್ತೆಗೆ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ, ಆಮೇಲೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ತಡವಾಗಿ ಪಿಸಿಆರ್ ಮಾಡಿಸಿ ನೆಗೆಟಿವ್ ಬಂತೆಂದು ಕಾಯಿಲೆಯನ್ನೇ ತಳ್ಳಿಹಾಕಬಾರದು.