ಒಂಬತ್ತನೆಯ ಪದಕದ ಬೆನ್ನು ಹತ್ತಿದವನು: ಹರ್ಲಿಂಗ್ ಆಟಗಾರ ಕ್ರಿಸ್ಟಿ ರಿಂಗ್

1956ರಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ನಡೆದ ಅಖಿಲ ಐರ್ಲೆಂಡ್ ಹರ್ಲಿಂಗ್ (ಕೋಲು-ಚೆಂಡಿನ ಐರಿಷ್ ಆಟ) ಫೈನಲ್ ಮುಗಿದಾಗ, ಗೆದ್ದ ವೆಕ್ಸ್‌ಫರ್ಡ್ ತಂಡದ ಬಾಬಿ ರ್‍ಯಾಕರ್ಡ್ ಮತ್ತು ನಿಕ್ ಒಡೊನೆಲ್ ತಮ್ಮವರ ಸಂಭ್ರಮವನ್ನು ಬದಿಗಿಟ್ಟು, ಸೋತ ಕಾರ್ಕ್ ತಂಡದ ಆಟಗಾರನೊಬ್ಬನನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಹೊರತಂದರು. ಆತ ಕ್ರಿಸ್ಟಿ ರಿಂಗ್. ಆಗಲೇ ಎಂಟು ಅಖಿಲ ಐರ್ಲೆಂಡ್ ಪದಕಗಳನ್ನು ಗೆದ್ದಿದ್ದ ಆತನಿಗೆ ಅಂದು ತಪ್ಪಿದ್ದು ಒಂಬತ್ತನೆಯದು.

ಆ ಪದಕಕ್ಕೆ ಅಷ್ಟು ಬೆಲೆ ಏಕೆಂದು ತಿಳಿಯಬೇಕಾದರೆ ಆ ಆಟದ ಕಟ್ಟುಪಾಡುಗಳನ್ನು ಅರಿಯಬೇಕು. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹರ್ಲಿಂಗ್ ಆಟವನ್ನು ಹವ್ಯಾಸಿಗಳ ಆಟವಾಗಿಯೇ ಬೆಳೆಸಿತು. ಆಟಗಾರ ತನ್ನ ಊರಿನ ಕ್ಲಬ್ಬಿಗೂ ತನ್ನ ಕೌಂಟಿಗೂ, ಅಂದರೆ ಜಿಲ್ಲೆಗೂ, ಆಡುತ್ತಾನೆಯೇ ಹೊರತು ಸಂಬಳಕ್ಕಾಗಿ ಅಲ್ಲ. ಆ್ಯಶ್ ಮರದ ಕೋಲು ಹಿಡಿದ ಹದಿನೈದು ಮಂದಿ ಪ್ರತಿ ತಂಡದಲ್ಲಿರುತ್ತಾರೆ; ಚೆಂಡು ಗೋಲುಕಂಬಗಳ ನಡುವಿನ ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಪಾಯಿಂಟ್, ಒಂದು ಗೋಲಿಗೆ ಮೂರು ಪಾಯಿಂಟಿನ ತೂಕ. ಹಣವಿಲ್ಲದ ಈ ಆಟದಲ್ಲಿ ಒಬ್ಬನ ಹಿರಿಮೆಯನ್ನು ಜನ ಪದಕಗಳ ಲೆಕ್ಕದಲ್ಲಿ ಅಳೆದದ್ದರಲ್ಲಿ ಆಶ್ಚರ್ಯವಿಲ್ಲ.

ರಿಂಗ್ ಹುಟ್ಟಿದ್ದು 1920ರಲ್ಲಿ, ಕಾರ್ಕ್ ಕೌಂಟಿಯ ಪೂರ್ವಭಾಗದ ಕ್ಲಾಯ್ನ್ ಎಂಬ ಸಣ್ಣ ಊರಿನ ಬಳಿ. ಮುಂದೆ ಕಾರ್ಕ್ ನಗರದ ಗ್ಲೆನ್ ರೋವರ್ಸ್ ಕ್ಲಬ್ಬನ್ನು ಸೇರಿದ; ಹೊಟ್ಟೆಪಾಡಿಗೆ ಲಾರಿ ಓಡಿಸಿದ, ಆಮೇಲೆ ಶೆಲ್ ಕಂಪನಿಯ ಇಂಧನ ಟ್ಯಾಂಕರಿನ ಚಾಲಕನಾದ. 1939ರಲ್ಲಿ ಕಾರ್ಕ್‌ನ ಮುಖ್ಯ (ಸೀನಿಯರ್) ತಂಡಕ್ಕೆ ಬಂದವನು 1963ರವರೆಗೆ ಅಲ್ಲಿಯೇ ಇದ್ದ.

ಮೊದಲ ಪದಕದ ಕಥೆ ವಿಚಿತ್ರವಾದುದು. 1941ರಲ್ಲಿ ದನಗಳಿಗೆ ಕಾಲುಬಾಯಿ ರೋಗ ಹಬ್ಬಿದ್ದರಿಂದ ಟಿಪ್ಪರರಿ, ಕಿಲ್ಕೆನಿ ತಂಡಗಳು ಹೊರಗುಳಿಯಬೇಕಾಯಿತು. ಕಾರ್ಕ್ ಸೇರಿದ ಮನ್ಸ್ಟರ್ ಪ್ರಾಂತದ ಫೈನಲ್ ನಡೆಯುವ ಮೊದಲೇ ಕಾರ್ಕ್ ತಂಡವನ್ನು ಪ್ರಾಂತದ ಪ್ರತಿನಿಧಿಯಾಗಿ ಅಖಿಲ ಐರ್ಲೆಂಡ್ ಪಂದ್ಯಗಳಿಗೆ ಕಳುಹಿಸಲಾಯಿತು. ಕಾರ್ಕ್ ಡಬ್ಲಿನ್ ತಂಡವನ್ನು ಸುಲಭವಾಗಿ ಸೋಲಿಸಿ ಅಖಿಲ ಐರ್ಲೆಂಡ್ ಚಾಂಪಿಯನ್ ಆಯಿತು. ಆದರೆ ಆಮೇಲೆ ಆಡಿದ ಪ್ರಾಂತದ ಫೈನಲಿನಲ್ಲಿ ಟಿಪ್ಪರರಿಗೆ ಸೋತಿತು. ದೇಶ ಗೆದ್ದವರು ಸ್ವಂತ ಪ್ರಾಂತ ಗೆಲ್ಲಲಿಲ್ಲ ಎಂಬ ಈ ಕೊಂಕನ್ನು ಮುಂದಿನ ಮೂರು ವರ್ಷಗಳ ಸತತ ಗೆಲುವು ಅಳಿಸಿಹಾಕಿತು. ಮುಂದೆ ದೇಶದ ಪ್ರಧಾನಿಯಾದ ಜ್ಯಾಕ್ ಲಿಂಚ್ ಆ ನಾಲ್ಕೂ ವರ್ಷ ರಿಂಗ್‌ನ ಜೊತೆ ಆಡಿದವರು.

1946ರಲ್ಲಿ ರಿಂಗ್ ನಾಯಕ. ಫೈನಲಿನ ಮೊದಲರ್ಧ ಮುಗಿಯುವ ಹೊತ್ತಿಗೆ ಚೆಂಡನ್ನು ಕೋಲಿನ ತುದಿಯಲ್ಲಿಟ್ಟು ಎದುರಾಳಿಗಳ ನಡುವೆ ಒಬ್ಬನೇ ಓಡಿ ಹೊಡೆದ ಗೋಲನ್ನು ಕಂಡವರು ಮರೆಯಲಿಲ್ಲ. ಕಾರ್ಕ್ 7 ಗೋಲು 5 ಪಾಯಿಂಟ್, ಕಿಲ್ಕೆನಿ 3 ಗೋಲು 8 ಪಾಯಿಂಟ್. 1952, 1953, 1954ರಲ್ಲಿ ಮತ್ತೆ ಮೂರು ಪದಕಗಳು ಬಂದವು. ಕೊನೆಯ ಎರಡರಲ್ಲಿಯೂ ಆತನೇ ನಾಯಕನಾಗಿದ್ದುದರಿಂದ, ಮೂರು ಬಾರಿ ನಾಯಕನಾಗಿ ಕಪ್ ಎತ್ತಿದ ಮೊದಲಿಗನೆನಿಸಿದ.

1954ರ ಫೈನಲಿನಲ್ಲಿ ಎದುರಾಳಿ ವೆಕ್ಸ್‌ಫರ್ಡ್. 84,856 ಜನ ನೋಡಿದ ಆ ಪಂದ್ಯಕ್ಕೆ ಹರ್ಲಿಂಗ್ ಇತಿಹಾಸದಲ್ಲೇ ಅತಿ ಹೆಚ್ಚು ಪ್ರೇಕ್ಷಕರು ಸೇರಿದ್ದರು. ಅಂದು ಕೊರಳೆಲುಬು (ಕಾಲರ್ ಬೋನ್) ಮುರಿದುಕೊಂಡು ಹೊರನಡೆದ ವೆಕ್ಸ್‌ಫರ್ಡ್ ರಕ್ಷಕ ಇದೇ ನಿಕ್ ಒಡೊನೆಲ್. ಎರಡು ವರ್ಷದ ಬಳಿಕ ಮತ್ತೆ ಎದುರಾದಾಗ, ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ರಿಂಗ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ಆರ್ಟ್ ಫೋಲಿ ತಡೆದ. ರಿಂಗ್ ಹತ್ತಿರ ಓಡಿ ಹೋಗಿ ಆತನ ಕೈಕುಲುಕಿದ. ಕಾರ್ಕ್ ಆರು ಪಾಯಿಂಟುಗಳಿಂದ ಸೋತಿತು. ಹೆಗಲ ಮೇಲಿನ ಆ ಮೆರವಣಿಗೆ ಒಂದು ಪಂದ್ಯಕ್ಕೆ ಸಂದ ಗೌರವವಷ್ಟೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆಮೇಲೆ ಏಳು ವರ್ಷ ಆಡಿದರೂ ರಿಂಗ್‌ಗೆ ಮತ್ತೊಂದು ಅಖಿಲ ಐರ್ಲೆಂಡ್ ಪದಕ ದಕ್ಕಲಿಲ್ಲ. ಮನ್ಸ್ಟರ್ ಪ್ರಾಂತಕ್ಕಾಗಿ ಪ್ರಾಂತಗಳ ನಡುವಿನ ರೈಲ್ವೆ ಕಪ್ ಪಂದ್ಯಾವಳಿಯ 18 ಪದಕಗಳನ್ನೂ ಕ್ಲಬ್ಬಿಗಾಗಿ 14 ಕೌಂಟಿ ಪದಕಗಳನ್ನೂ ಗೆದ್ದವನಿಗೆ ಈ ಒಂದು ಕೊರತೆ ಉಳಿಯಿತು. ಕಾರ್ಕ್ ಮತ್ತೆ ಗೆದ್ದದ್ದು 1966ರಲ್ಲಿ, ಆತ ಬಿಟ್ಟ ಮೂರು ವರ್ಷಕ್ಕೆ. ಎಂಟರ ದಾಖಲೆಯನ್ನು 1965ರಲ್ಲಿ ಟಿಪ್ಪರರಿಯ ಜಾನ್ ಡಾಯ್ಲ್ ಸರಿಗಟ್ಟಿದ. ಕಿಲ್ಕೆನಿಯ ನೋಯೆಲ್ ಸ್ಕೀಹನ್ ಒಂಬತ್ತಕ್ಕೆ ಮುಟ್ಟಿದ, ಆದರೆ ಅದರಲ್ಲಿ ಮೂರು ಬದಲಿ ಆಟಗಾರನಾಗಿ ದೊರೆತವು. ಅದೇ ಕೌಂಟಿಯ ಹೆನ್ರಿ ಶೆಫ್ಲಿನ್ 2014ರಲ್ಲಿ ಹತ್ತಕ್ಕೇರಿದ. ಅಂಕಿಗಳು ಹೀಗೆ ಹಿಂದೆ ಬಿದ್ದರೂ 2000ರಲ್ಲಿ ಆಯ್ಕೆಯಾದ ಸಹಸ್ರಮಾನದ ತಂಡದಲ್ಲಿ ರಿಂಗ್‌ಗೆ ಜಾಗ ಸಿಕ್ಕಿತು. 2005ರಲ್ಲಿ ಎರಡನೆಯ ಹಂತದ ಕೌಂಟಿಗಳಿಗಾಗಿ ಆರಂಭವಾಗಿ, 2018ರಿಂದ ಮೂರನೆಯ ಹಂತದ್ದಾದ ಕಪ್ಪಿಗೆ ಆತನದೇ ಹೆಸರು.

ಆಡುವುದನ್ನು ನಿಲ್ಲಿಸಿದ ಮೇಲೆ ರಿಂಗ್ ಕಾರ್ಕ್ ತಂಡದ ಆಯ್ಕೆಗಾರನಾದ. ಆ ಅವಧಿಯಲ್ಲಿ 1976, 1977, 1978ರಲ್ಲಿ ಕಾರ್ಕ್ ಸತತ ಮೂರು ಬಾರಿ ಗೆದ್ದಿತು. ಮರುವರ್ಷದ ಮಾರ್ಚ್ 2ರಂದು ಕಾರ್ಕ್ ನಗರದ ಬೀದಿಯಲ್ಲಿ ನಡೆಯುತ್ತಿದ್ದಾಗ ಹೃದಯಾಘಾತವಾಗಿ ಕುಸಿದ ರಿಂಗ್‌ಗೆ ಆಗ 58 ವರ್ಷ. ಕ್ಲಾಯ್ನ್‌ನ ಸಮಾಧಿಯ ಬಳಿ ಮಾತನಾಡಿದವರು ಜ್ಯಾಕ್ ಲಿಂಚ್, ಆಗ ದೇಶದ ಪ್ರಧಾನಿ.