ಒಂದೇ ಕೊಳದಲ್ಲಿ ಎರಡು ಈಜು

ಒಲಿಂಪಿಕ್ಸ್‌ನ ಹಳೇ ಅಂಕಿಅಂಶ ನೋಡುತ್ತಾ ಹೋದರೆ ಮಹಿಳೆಯರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಪಟ್ಟಿಯಲ್ಲಿ ಒಂದು ಕಡೆ ಕಣ್ಣು ನಿಂತುಬಿಡುತ್ತದೆ. ಈ ಸ್ಪರ್ಧೆ ಶುರುವಾದದ್ದು 1924ರ ಪ್ಯಾರಿಸ್‌ನಲ್ಲಿ. ಬ್ರಿಟನ್‌ನ ಲೂಸಿ ಮಾರ್ಟನ್ 3 ನಿಮಿಷ 33.2 ಸೆಕೆಂಡಿನಲ್ಲಿ ಗೆದ್ದರು. ಅಲ್ಲಿಂದ ಚಿನ್ನದ ಸಮಯ ಪ್ರತಿ ಸಲವೂ ಇಳಿಯುತ್ತಲೇ ಬಂತು. 1936ರ ಬರ್ಲಿನ್‌ನಲ್ಲಿ ಜಪಾನಿನ ಹಿದೆಕೊ ಮಾಯೆಹಾತಾ ಅದನ್ನು 3 ನಿಮಿಷ 3.6 ಸೆಕೆಂಡಿಗೆ ತಂದರು. 1952ರ ಹೆಲ್ಸಿಂಕಿಯಲ್ಲಿ ಹಂಗೇರಿಯ ಎವಾ ಸೇಕೆಯ್ 2 ನಿಮಿಷ 51.7 ಸೆಕೆಂಡ್ ತೆಗೆದುಕೊಂಡರು. ಆಮೇಲೆ ಬಂದ 1956ರ ಮೆಲ್ಬರ್ನ್‌ನಲ್ಲಿ ಜರ್ಮನಿಯ ಉರ್ಸುಲಾ ಹಾಪೆ ಗೆದ್ದ ಸಮಯ 2 ನಿಮಿಷ 53.1 ಸೆಕೆಂಡ್. ಮೊದಲ ಬಾರಿಗೆ ಸಮಯ ಜಾಸ್ತಿಯಾಯಿತು.

ಈಜುಗಾರ್ತಿಯರೇನೂ ನಿಧಾನ ಆಗಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ಬ್ರೆಸ್ಟ್‌ಸ್ಟ್ರೋಕ್ ಅಂದರೆ ಏನು ಅನ್ನೋದೇ ಬದಲಾಗಿತ್ತು.

ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತವರಿಗೆ ಇದು ಹೊಸದಲ್ಲ. ಕಪ್ಪೆಯ ಹಾಗೆ ಎರಡೂ ಕಾಲು ಮಡಿಸಿ ಒದೆಯುವುದು, ಎರಡೂ ಕೈಯಿಂದ ನೀರು ಸೀಳುವುದು. ಕೈಯನ್ನು ಮತ್ತೆ ಮುಂದಕ್ಕೆ ತರುವಾಗಲೇ ತೊಂದರೆ. ಎದೆಮಟ್ಟ ನೀರಲ್ಲಿ ನಿಂತು ಎರಡೂ ಕೈಯನ್ನು ಎದೆಯ ಹತ್ತಿರದಿಂದ ಮುಂದಕ್ಕೆ ಜೋರಾಗಿ ಚಾಚಿ ನೋಡಿ. ನೀರು ತಡೆಯುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ. ಅದೇ ಕೈಯನ್ನು ನೀರಿನ ಮೇಲಿಂದ ಬೀಸಿ ತನ್ನಿ, ಏನೂ ತಡೆಯುವುದಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಪ್ರತಿ ಸಲ ಕೈ ಮುಂದೆ ಹೋದಾಗಲೂ ಗಳಿಸಿದ ವೇಗದಲ್ಲಿ ಒಂದಿಷ್ಟನ್ನು ವಾಪಸ್ ಕೊಡಬೇಕು.

ಈ ನಷ್ಟ ತಪ್ಪಿಸುವ ದಾರಿ 1920ರ ದಶಕದ ಕೊನೆಗೇ ಹೊಳೆದಿತ್ತು. ಜರ್ಮನಿಯ ಎರಿಕ್ ರಾಡೆಮಾಕರ್ ಗೋಡೆ ಮುಟ್ಟುವ ಹೊತ್ತಿಗೆ ಕೈಗಳನ್ನು ನೀರಿನ ಮೇಲಿಂದ ಎಸೆಯುತ್ತಿದ್ದರು. 1933ರಲ್ಲಿ ಅಮೆರಿಕದ ಹೆನ್ರಿ ಮೈಯರ್ಸ್ ಹಾಗೆಯೇ ಈಜಿ ತೋರಿಸಿದರು. ಎರಡೂ ಕೈ ಒಟ್ಟಿಗೆ ಆಡಬೇಕು ಎಂದು ನಿಯಮದಲ್ಲಿತ್ತು, ಅವು ನೀರಿನಿಂದ ಹೊರಗೆ ಬರಬಾರದು ಎಂದು ಇರಲಿಲ್ಲ. ಹೀಗಾಗಿ ತಡೆಯಲು ಯಾರ ಬಳಿಯೂ ಕಾರಣವಿರಲಿಲ್ಲ.

ಒಲಿಂಪಿಕ್ಸ್‌ನಲ್ಲಿ ಈ ರೀತಿ ಕೈ ಬೀಸಿದ ಮೊದಲ ಮಹಿಳೆ ಎಂಬ ಹೆಸರಿರುವುದು ಬ್ರೆಜಿಲ್‌ನ ಮರಿಯಾ ಲೆಂಕ್‌ಗೆ, ಬರ್ಲಿನ್‌ನ 200 ಮೀಟರ್‌ನಲ್ಲಿ. ಅವರಿಗೆ ಪದಕ ಬರಲಿಲ್ಲ. ಅಂದು ಕಂಚು ಗೆದ್ದದ್ದು ಡೆನ್ಮಾರ್ಕ್‌ನ ಇಂಗೆ ಸೊರೆನ್ಸೆನ್, 12 ವರ್ಷದ ಹುಡುಗಿ. ಲೆಂಕ್ ಮಾತ್ರ ನೀರು ಬಿಡಲೇ ಇಲ್ಲ. 2007ರಲ್ಲಿ, 92ನೇ ವಯಸ್ಸಿನಲ್ಲಿ, ರಿಯೊದ ಕ್ಲಬ್ ಒಂದರ ಕೊಳದಲ್ಲಿ ಈಜುತ್ತಿದ್ದಾಗಲೇ ತೀರಿಕೊಂಡರು. ಯೋಚಿಸಿದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ಯುದ್ಧ ಮುಗಿದು 1948ರ ಲಂಡನ್ ಬರುವ ಹೊತ್ತಿಗೆ ಪುರುಷರ ಫೈನಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೈ ಬೀಸುವವರೇ. ಮಹಿಳೆಯರಲ್ಲಿ ಎರಡೂ ರೀತಿ ಬೆರೆತಿತ್ತು. ಕಾಲು ಕಪ್ಪೆಯದು, ಕೈ ಚಿಟ್ಟೆಯದು. ಪಕ್ಕದ ಲೇನ್‌ನಲ್ಲಿ ಒಬ್ಬರು ಹಳೇ ಕ್ರಮದಲ್ಲೇ ನೀರೊಳಗೆ ಕೈ ಚಾಚುತ್ತಿದ್ದಾರೆ, ಇಬ್ಬರಿಗೂ ಒಂದೇ ಗಡಿಯಾರ. ಹಳೇ ರೀತಿ ನಂಬಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಇದು ಅನ್ಯಾಯ ಅನ್ನಿಸದೇ ಇರುತ್ತದಾ? ನನಗಂತೂ ಅವರ ಸಂಕಟ ಅರ್ಥವಾಗುತ್ತದೆ. ಹಾಗಂತ ಕೈ ಬೀಸಿದವರದ್ದೂ ತಪ್ಪಲ್ಲ. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ.

ಹೆಲ್ಸಿಂಕಿಯಲ್ಲಿ ಗೆದ್ದ ಸೇಕೆಯ್ ಈ ಹೊಸ ರೀತಿಯವರು. ಅವರು ಯಹೂದಿ. 1941ರಲ್ಲಿ ಅದೇ ಕಾರಣಕ್ಕೆ ಈಜು ತಂಡದಿಂದ ಹೊರಗಾಗಿದ್ದರು. ಯುದ್ಧದ ಕೊನೆಯ ದಿನಗಳಲ್ಲಿ ಬುಡಾಪೆಸ್ಟ್‌ನಲ್ಲಿ ಸ್ವಿಸ್ ರಕ್ಷಣೆಯಲ್ಲಿದ್ದ ಮನೆಯೊಂದರ ಎರಡು ಕೋಣೆಗಳಲ್ಲಿ 41 ಜನರ ಜೊತೆ ಅಡಗಿದ್ದರು. ಅಲ್ಲಿ ಕೊಳ ಎಲ್ಲಿಂದ ಬರಬೇಕು? ದಿನಾ ಬೆಳಿಗ್ಗೆ ಐದು ಅಂತಸ್ತಿನ ಮೆಟ್ಟಿಲನ್ನು ನೂರು ಸಲ ಹತ್ತಿ ಇಳಿಯುತ್ತಿದ್ದರು, ಮೈ ಗಟ್ಟಿ ಉಳಿಯಲಿ ಅಂತ. ಲಂಡನ್‌ನಲ್ಲಿ ನಾಲ್ಕನೇ ಸ್ಥಾನ, ಹೆಲ್ಸಿಂಕಿಯಲ್ಲಿ ಚಿನ್ನ.

ಅದೇ ಸ್ಪರ್ಧೆಯ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ನಮ್ಮ ದೇಶದ ಒಂದು ಮಗುವೂ ಇತ್ತು. ಹೌದು, ಮಗು ಅಂತಲೇ ಹೇಳಬೇಕು. ಕೋಲ್ಕತ್ತದ ಆರತಿ ಸಹಾಗೆ ಆಗ 11 ವರ್ಷ. ಹೂಗ್ಲಿ ನದಿಯ ಘಾಟ್‌ನಲ್ಲಿ ಈಜು ಕಲಿತ ಹುಡುಗಿ. ಅವಳ ಸಮಯ 3 ನಿಮಿಷ 40.8 ಸೆಕೆಂಡ್. ಸೇಕೆಯ್ ಅವರ ಚಿನ್ನದ ಸಮಯಕ್ಕೂ ಇದಕ್ಕೂ 49 ಸೆಕೆಂಡ್ ಅಂತರ, ಅಂದರೆ ಹತ್ತಿರ ಹತ್ತಿರ ಕೊಳದ ಒಂದು ಇಡೀ ಉದ್ದ. ಹೀಟ್ಸ್‌ನಲ್ಲೇ ಅವಳ ಆಟ ಮುಗಿಯಿತು. ಆದರೆ 1959ರ ಸೆಪ್ಟೆಂಬರ್ 29ರಂದು ಇದೇ ಆರತಿ ಇಂಗ್ಲಿಷ್ ಕಾಲುವೆಯನ್ನು 16 ಗಂಟೆ 20 ನಿಮಿಷದಲ್ಲಿ ಈಜಿ ದಾಟಿದರು. ಆ ಸಾಧನೆ ಮಾಡಿದ ಏಷ್ಯಾದ ಮೊದಲ ಮಹಿಳೆ. ಕಾಲುವೆ ಎಲ್ಲರಿಗೂ ನೆನಪಿದೆ, ಹೆಲ್ಸಿಂಕಿ ಮಾತ್ರ ಯಾಕೋ ಮರೆತೇ ಹೋಗಿದೆ.

ಹೆಲ್ಸಿಂಕಿ ಮುಗಿದ ಮೇಲೆ ಅಂತರರಾಷ್ಟ್ರೀಯ ಈಜು ಒಕ್ಕೂಟ ಎರಡನ್ನೂ ಬೇರೆ ಮಾಡಿತು. ಕೈ ಬೀಸುವುದು ಬಟರ್‌ಫ್ಲೈ ಎಂಬ ಬೇರೆಯದೇ ಈಜಾಯಿತು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈ ನೀರೊಳಗಿಂದಲೇ ಮುಂದೆ ಹೋಗಬೇಕು ಎಂದಾಯಿತು. 1956ರಲ್ಲಿ ಸಮಯ ಜಾಸ್ತಿಯಾಗಿದ್ದು ಇದರಿಂದಲೇ. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ, ಆದರೆ ಇಪ್ಪತ್ತು ವರ್ಷ ತಡ.

ಅಷ್ಟಕ್ಕೇ ಜಗಳ ನಿಲ್ಲಲಿಲ್ಲ. ಮೆಲ್ಬರ್ನ್‌ನಲ್ಲಿ ಪುರುಷರ ಚಿನ್ನ ಗೆದ್ದ ಜಪಾನಿನ ಮಸಾರು ಫುರುಕಾವಾ ಬಹುಪಾಲು ದೂರ ನೀರಿನಡಿಯಲ್ಲೇ ಈಜಿದರು. ಮೇಲೆ ಅಲೆ ಏಳುತ್ತದೆ, ಕೆಳಗೆ ಆ ತಡೆ ಇಲ್ಲ. ಮತ್ತೆ ನಿಯಮ ಬಂತು: ಸ್ಟಾರ್ಟ್ ಮತ್ತು ಟರ್ನ್ ಬಿಟ್ಟರೆ ತಲೆ ಮೇಲಿರಬೇಕು. 1987ರಲ್ಲಿ ಅದನ್ನೂ ಸಡಿಲಿಸಿದರು. 2004ರ ಅಥೆನ್ಸ್‌ನಲ್ಲಿ ಡಾಲ್ಫಿನ್ ಒದೆತದ, ಅಂದರೆ ಎರಡೂ ಕಾಲು ಜೋಡಿಸಿ ಬಾಲದ ಹಾಗೆ ಮೇಲೆ ಕೆಳಗೆ ಬಡಿಯುವುದರ, ಗಲಾಟೆ ಎದ್ದಿತು. ಮರುವರ್ಷ ಸ್ಟಾರ್ಟ್ ಮತ್ತು ಪ್ರತಿ ಟರ್ನ್ ಆದಮೇಲೆ ಅಂಥ ಒಂದು ಒದೆತಕ್ಕೆ ಒಪ್ಪಿಗೆ ಸಿಕ್ಕಿತು.

ಸೇಕೆಯ್ ಮೆಲ್ಬರ್ನ್‌ಗೂ ಬಂದಿದ್ದರು, 29ನೇ ವಯಸ್ಸಿನಲ್ಲಿ. ತನಗೆ ಚಿನ್ನ ತಂದ ಕೈಬೀಸನ್ನು ಬಿಟ್ಟು ಹೊಸ ನಿಯಮಕ್ಕೆ ಒಗ್ಗಿಕೊಂಡಿದ್ದರು. ಹಂಗೇರಿಯಲ್ಲಿ ಆಗಷ್ಟೇ ದಂಗೆ ಎದ್ದು ಸೋವಿಯತ್ ಟ್ಯಾಂಕುಗಳು ಬೀದಿಗಿಳಿದಿದ್ದವು. ಎರಡು ವರ್ಷದ ಮಗಳು ಆಂಡ್ರಿಯಾ ಊರಲ್ಲಿದ್ದಳು. ಆ ಚಿಂತೆಯಲ್ಲೇ ಈಜಿ 2 ನಿಮಿಷ 54.8 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು.

ಆ ಮಗಳು ಬೆಳೆದು 1972ರ ಮ್ಯೂನಿಕ್‌ಗೆ ಹೋದಳು. ಎರಡು ಪದಕ ಗೆದ್ದಳು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ, 100 ಮೀಟರ್ ಬಟರ್‌ಫ್ಲೈನಲ್ಲಿ ಕಂಚು.