ವೈಲ್ಡ್ ಕಾರ್ಡ್ ದಾಟಿದ ಭೂತಾನಿಗರು

2021ರ ಜುಲೈ 28ರಂದು ಟೋಕಿಯೊ ಒಲಿಂಪಿಕ್ಸ್‌ನ ಬಿಲ್ಲುಗಾರಿಕೆಯಲ್ಲಿ ನಮ್ಮ ದೀಪಿಕಾ ಕುಮಾರಿ ಭೂತಾನಿನ ಕರ್ಮಾ ಅವರನ್ನು 6–0ರಿಂದ ಸೋಲಿಸಿದರು. ಭಾರತದ ಪಾಲಿಗೆ ಅದು ಮೊದಲ ಸುತ್ತಿನ ಒಂದು ಸಲೀಸು ಗೆಲುವು. ಥಿಂಪುವಿನ ಲೆಕ್ಕ ಬೇರೆ ಇತ್ತು. ವೈಲ್ಡ್ ಕಾರ್ಡ್ ಎಂಬ ವಿಶೇಷ ಆಹ್ವಾನದ ನೆರವಿಲ್ಲದೆ, ಅರ್ಹತಾ ಸ್ಪರ್ಧೆಯಲ್ಲಿ ಹಣಾಹಣಿ ಮಾಡಿ ಒಲಿಂಪಿಕ್ಸ್‌ಗೆ ಟಿಕೆಟ್ ಗಿಟ್ಟಿಸಿಕೊಂಡ ಮೊದಲ ಭೂತಾನಿ ಆಕೆ. ದೇಶ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ. ಕರ್ಮಾ ಬ್ಯಾಂಕಾಕ್‌ನಲ್ಲಿ ಅರ್ಹತೆ ಪಡೆದದ್ದು 2019ರ ನವೆಂಬರ್‌ನಲ್ಲಿ. ಬಿಲ್ಲುಗಾರಿಕೆಯೇ ರಾಷ್ಟ್ರೀಯ ಆಟವಾಗಿರುವ ದೇಶಕ್ಕೆ ಈ ದಾರಿ ಸವೆಸಲು 35 ವರ್ಷ ಬೇಕಾಯಿತು.

ಯಾಕೆ ಇಷ್ಟು ತಡ? ಎಂಟು ಲಕ್ಷಕ್ಕಿಂತ ಕಡಿಮೆ ಜನರಿರುವ ದೇಶವೆಂದು ಹೇಳಿ ಮುಗಿಸಬಹುದು. ಆದರೆ ಭೂತಾನಿಗರು ಹೆಸರು ಮಾಡಿದ ಒಂದೊಂದು ಕ್ಷೇತ್ರವನ್ನೂ ಹತ್ತಿರದಿಂದ ನೋಡಿದರೆ ಕಾಣುವುದು ಬೇರೆಯೇ. ಕಸುಬು ಅವರಿಗೆ ಮೊದಲೇ ಗೊತ್ತಿತ್ತು. ಹೊರಗಿನವರ ಅಳತೆಗೋಲು, ಸಲಕರಣೆ, ನಿಯಮಗಳಿಗೆ ಆ ಕಸುಬನ್ನು ಒಗ್ಗಿಸುವ ಹೊತ್ತಿಗೆ ವರ್ಷಗಳು ಕಳೆದುಹೋದವು.

ಬಿಲ್ಲಿನ ವಿಷಯವನ್ನೇ ನೋಡಿ. ಊರಿನ ಆಟದಲ್ಲಿ ಮೈದಾನದ ಎರಡೂ ತುದಿಗೆ ಒಂದೊಂದು ಮರದ ಹಲಗೆ ನೆಟ್ಟಿರುತ್ತಾರೆ. ನಡುವೆ ಸುಮಾರು 140 ಮೀಟರ್ ದೂರ. ಹಲಗೆಯ ಅಗಲ ಒಂದಡಿಗಿಂತ ತುಸು ಕಡಿಮೆ, ಎತ್ತರ ಮೂರಡಿ ಚಿಲ್ಲರೆ. ಒಬ್ಬೊಬ್ಬರಿಗೆ ಸರದಿಗೆ ಎರಡು ಬಾಣ. ಹಲಗೆಯ ಕಣ್ಣಿಗೆ ನಾಟಿದರೆ 3 ಅಂಕ, ಹಲಗೆಯ ಬೇರೆ ಕಡೆ ತಾಗಿದರೆ 2, ಪಕ್ಕದಲ್ಲಿ ಒಂದು ಬಾಣದಳತೆಯೊಳಗೆ ಬಿದ್ದರೆ 1. ಮೊದಲು 25 ಮುಟ್ಟಿದ ತಂಡ ಗೆದ್ದಂತೆ. ಗುರಿಯ ಬಳಿ ನಿಂತ ಜೊತೆಗಾರರು ಬಾಣ ಎಲ್ಲಿ ಬಿತ್ತೆಂದು ಕೂಗಿ ಹೇಳುತ್ತಾರೆ, ಎದುರು ತಂಡದವರು ಗೇಲಿ ಮಾಡಿ ಗಮನ ಕೆಡಿಸುತ್ತಾರೆ, ಬಾಣ ನಾಟಿದರೆ ಎಲ್ಲರೂ ಸೇರಿ ಹಾಡಿ ಕುಣಿಯುತ್ತಾರೆ. ಮೊದಲ ಬಾಣ ತಪ್ಪಿದರೂ ಚಿಂತೆಯಿಲ್ಲ. ಅದು ಬಿದ್ದ ಜಾಗ ನೋಡಿಕೊಂಡು ಎರಡನೆಯದನ್ನು ಸರಿಪಡಿಸಿಕೊಳ್ಳಬಹುದು.

ಒಲಿಂಪಿಕ್ಸ್‌ನಲ್ಲಿ ದೂರ ಅದರ ಅರ್ಧ, 70 ಮೀಟರ್. ಗುರಿಯ ವ್ಯಾಸ 122 ಸೆಂ.ಮೀ., ನಡುವಿನ ಹತ್ತು ಅಂಕದ ವೃತ್ತ 12.2 ಸೆಂ.ಮೀ. ಅಗಲವನ್ನಷ್ಟೇ ಲೆಕ್ಕ ಹಾಕಿದರೆ 140 ಮೀಟರ್ ಆಚೆಯ ಹಲಗೆಯೂ 70 ಮೀಟರ್ ಆಚೆಯ ಈ ವೃತ್ತವೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಗಾತ್ರ. ಅಂದರೆ ಭೂತಾನಿಗರ ಕಣ್ಣು ಸೋಲುತ್ತಿರಲಿಲ್ಲ. ಸೋಲುತ್ತಿದ್ದದ್ದು ಒಂದೇ ಹದದಲ್ಲಿ ಬಾಣದ ಮೇಲೆ ಬಾಣ ಬಿಡುವ ಅಭ್ಯಾಸ. ಶ್ರೇಯಾಂಕ ಸುತ್ತಿನಲ್ಲಿ 72 ಬಾಣ ಬಿಡಬೇಕು, ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಇಬ್ಬರ ನಡುವಿನ ಪಂದ್ಯ: ಸೆಟ್ಟಿಗೆ ಮೂರು ಬಾಣ, ಒಂದೊಂದು ಬಾಣಕ್ಕೆ 20 ಸೆಕೆಂಡ್, ಗೆದ್ದ ಸೆಟ್ಟಿಗೆ 2 ಪಾಯಿಂಟ್, ಮೊದಲು 6 ತಲುಪಿದವರಿಗೆ ಜಯ.

ಸಲಕರಣೆಯದು ಇನ್ನೂ ದೊಡ್ಡ ತೊಡಕು. ಬಿದಿರಿನ ಬಿಲ್ಲಿನ ಪಂದ್ಯಗಳು ಇಂದಿಗೂ ಉಳಿದಿವೆಯಾದರೂ ಭೂತಾನಿನ ಬಹುಪಾಲು ಆಟಗಾರರ ಕೈಯಲ್ಲಿರುವುದು ಹೊರದೇಶದಿಂದ ತರಿಸಿದ ಕಾಂಪೌಂಡ್ ಬಿಲ್ಲು. ಅದರ ತುದಿಗಳಲ್ಲಿ ಗಾಲಿಗಳಿರುತ್ತವೆ. ಪೂರ್ತಿ ಎಳೆದಾಗ ಕೈ ಮೇಲಿನ ಭಾರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹಾಗಾಗಿ ನಿಧಾನವಾಗಿ ಗುರಿ ಹಿಡಿಯಬಹುದು. ಒಲಿಂಪಿಕ್ಸ್‌ನ ರಿಕರ್ವ್ ಬಿಲ್ಲಿನಲ್ಲಿ ಈ ಸೌಕರ್ಯವಿಲ್ಲ, ಅಷ್ಟೂ ಭಾರ ಮೂರು ಬೆರಳಿನ ಮೇಲೆ, ಬೆನ್ನಿನ ಮೇಲೆ. ಬಿಲ್ಲಿಗೆ ಕ್ಲಿಕ್ಕರ್ ಎಂಬ ತೆಳ್ಳನೆಯ ಪಟ್ಟಿ ಇರುತ್ತದೆ. ಬಾಣದ ಮೊನೆ ಅದರಡಿಯಿಂದ ಜಾರಿದಾಗ ಟಕ್ ಎನ್ನುತ್ತದೆ, ಆಗಲೇ ಬಾಣ ಬಿಡಬೇಕು. ಬೆನ್ನು ದಣಿದರೆ ಕೊನೆಯ ಒಂದೆರಡು ಮಿಲಿಮೀಟರ್ ಎಳೆಯಲಾಗದೆ ಆಟಗಾರ ತಡವರಿಸುತ್ತಾನೆ, ಭುಜ ಮೇಲಕ್ಕೇರುತ್ತದೆ, ಬಾಣ ದಿಕ್ಕು ತಪ್ಪುತ್ತದೆ. ಕಾಂಪೌಂಡ್‌ನಲ್ಲಿ ಪಳಗಿದ ಕೈ ಇಲ್ಲಿ ಅಂಬೆಗಾಲಿನಿಂದಲೇ ಕಲಿಯಬೇಕು.

ಹೆಣ್ಣುಮಕ್ಕಳು ಮುಂದೆ ಬಂದದ್ದಕ್ಕೂ ಇದೇ ಒಂದು ಕಾರಣವೆಂದು ನನ್ನ ಎಣಿಕೆ. ಸಾಂಪ್ರದಾಯಿಕ ಆಟದಲ್ಲಿ ಅವರ ಪಾಲಿಗಿದ್ದದ್ದು ಹಾಡು, ಕುಣಿತ. ಬಿಲ್ಲು ಗಂಡಸರದ್ದು. ಹಾಗಾಗಿ ಮರೆಯಬೇಕಾದ ಹಳೆಯ ರೂಢಿ ಅವರಿಗೆ ಇರಲಿಲ್ಲ, ನೇರವಾಗಿ ರಿಕರ್ವ್ ಹಿಡಿದರು. 1984ರ ಆರು ಮಂದಿಯ ತಂಡದಲ್ಲಿ ಮೂವರು ಮಹಿಳೆಯರು. 2004ರ ಅಥೆನ್ಸ್‌ನಲ್ಲಿ ಶೆರಿಂಗ್ ಚೋಡೆನ್ ಮೊದಲ ಸುತ್ತಿನಲ್ಲಿ ಚೀನಾದ ಸ್ಪರ್ಧಿಯನ್ನು ಸೋಲಿಸಿದರು. 2012 ಮತ್ತು 2016ರಲ್ಲಿ ಭೂತಾನ್ ಕಳಿಸಿದ ಇಬ್ಬಿಬ್ಬರೂ ಮಹಿಳೆಯರೇ. 2028ರ ಲಾಸ್ ಏಂಜಲೀಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಭೂತಾನಿಗೆ ಇದು ಚಿನ್ನದಂಥ ಅವಕಾಶ. ಆದರೆ ಅದಕ್ಕೆ ಒಬ್ಬ ಪುರುಷನ ಜೊತೆ ಒಬ್ಬ ಮಹಿಳೆ ಬೇಕು. ಕಾಂಪೌಂಡ್ ಅಂಗಳಕ್ಕೆ ಹುಡುಗಿಯರನ್ನು ಈಗಲೇ ಇಳಿಸದಿದ್ದರೆ ಅದು ಕೈತಪ್ಪುತ್ತದೆ.

ಫುಟ್‌ಬಾಲ್‌ನಲ್ಲಿ ದೇಶ ಎಷ್ಟು ಹಿಂದಿತ್ತೆಂದರೆ 2002ರ ಜೂನ್ 30ರಂದು, ವಿಶ್ವಕಪ್ ಫೈನಲ್ ನಡೆದ ದಿನವೇ, ಫಿಫಾ ಪಟ್ಟಿಯ ಕೊನೆಯ ಎರಡು ತಂಡಗಳಾದ ಭೂತಾನ್ ಮತ್ತು ಮಾಂಟ್ಸೆರಾಟ್ ಥಿಂಪುವಿನಲ್ಲಿ ಆಡಿದವು. ಭೂತಾನ್ 4–0ರಿಂದ ಗೆದ್ದಿತು. 2015ರ ಮಾರ್ಚ್‌ನಲ್ಲಿ, 209ನೇ ಅಂದರೆ ಕಟ್ಟಕಡೆಯ ಸ್ಥಾನದಲ್ಲಿದ್ದಾಗ, ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಶ್ರೀಲಂಕಾವನ್ನು ಕೊಲಂಬೊದಲ್ಲಿ 1–0, ಥಿಂಪುವಿನಲ್ಲಿ 2–1ರಿಂದ ಸೋಲಿಸಿತು. ಎರಡನೇ ಪಂದ್ಯದ ಎರಡೂ ಗೋಲು ಚೆಂಚೊ ಗ್ಯೆಲ್ಟ್‌ಶೆನ್ ಅವರದು. ಅದೇ ವರ್ಷ ಕತಾರ್ 15 ಗೋಲು ಹೊಡೆದು ಕಳಿಸಿತು. ಊರಿನ ಲೀಗ್‌ನಲ್ಲೇ ಉಳಿದರೆ ಈ ಅಂತರ ತುಂಬುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚೆಂಚೊ ಥಾಯ್ಲೆಂಡ್‌ಗೆ, ಬಾಂಗ್ಲಾದೇಶಕ್ಕೆ, ಆಮೇಲೆ ಭಾರತಕ್ಕೆ ಹೋದರು. 2017–18ರಲ್ಲಿ ಐ-ಲೀಗ್ ಗೆದ್ದ ಮಿನರ್ವಾ ಪಂಜಾಬ್ ತಂಡದಲ್ಲಿದ್ದರು, ಮರು ಋತುವಿನಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಆ ಸಲ ಐಎಸ್‌ಎಲ್ ಕಿರೀಟ ಬೆಂಗಳೂರಿಗೇ ಬಂತು. ವಿದೇಶಿ ಆಟಗಾರರ ಸೀಮಿತ ಕೋಟಾದಲ್ಲಿ ಬ್ರೆಜಿಲ್, ಸ್ಪೇನ್‌ನವರ ಜೊತೆ ಪೈಪೋಟಿ ಮಾಡಿ ಜಾಗ ಪಡೆಯುವುದು ಸಣ್ಣ ಮಾತಲ್ಲ.

ಸಿನಿಮಾದಲ್ಲಿ ಅಡ್ಡಬಂದದ್ದು ಕಾಗದಪತ್ರ. ಪಾವೊ ಚೊಯ್ನಿಂಗ್ ದೋರ್ಜಿ 'ಲುನಾನಾ: ಎ ಯಾಕ್ ಇನ್ ದ ಕ್ಲಾಸ್‌ರೂಮ್' ಚಿತ್ರೀಕರಿಸಿದ್ದು ಗಾಸಾ ಜಿಲ್ಲೆಯಲ್ಲಿ, ದಿನಗಟ್ಟಲೆ ನಡೆದು ತಲುಪಬೇಕಾದ ಹಳ್ಳಿಯಲ್ಲಿ. ಅಲ್ಲಿ ಕ್ಯಾಮೆರಾ ಓಡಿದ್ದು ಸೌರವಿದ್ಯುತ್ತಿನಿಂದ ಚಾರ್ಜ್ ಮಾಡಿದ ಬ್ಯಾಟರಿಗಳ ಮೇಲೆ. ಆ ಕಷ್ಟ ಗೆದ್ದ ಚಿತ್ರ ಆಸ್ಕರ್‌ನ ಮೊದಲ ಯತ್ನದಲ್ಲಿ ಅನರ್ಹಗೊಂಡಿತು, ಭೂತಾನಿನಲ್ಲಿ ಅಕಾಡೆಮಿ ಮಾನ್ಯ ಮಾಡಿದ ಆಯ್ಕೆ ಸಮಿತಿ ಇರಲಿಲ್ಲವೆಂಬ ಕಾರಣಕ್ಕೆ. ಹಿಂದೆ 1999ರಲ್ಲಿ ಒಂದೇ ಒಂದು ಚಿತ್ರ ಹೋಗಿತ್ತು, ಆ ನಂತರ ವ್ಯವಸ್ಥೆಯೇ ಇರಲಿಲ್ಲ. ಸಮಿತಿ ರಚಿಸಿ ಮರುವರ್ಷ ಅರ್ಜಿ ತುಂಬಲು ಕೂತರೆ ಜಾಲತಾಣದ ಪಟ್ಟಿಯಲ್ಲಿ ಭೂತಾನ್ ಎಂಬ ದೇಶವೂ ಇಲ್ಲ, ಜೊಂಗ್‌ಖಾ ಎಂಬ ಭಾಷೆಯೂ ಇಲ್ಲ! ಅದನ್ನೂ ಸೇರಿಸಿಕೊಂಡ ಮೇಲೆ 2022ರಲ್ಲಿ ಚಿತ್ರ ಅಂತಿಮ ಐದರ ಪಟ್ಟಿಗೆ ಬಂತು. ಭೂತಾನಿಗೆ ಅದು ಮೊದಲ ನಾಮನಿರ್ದೇಶನ.

ಆರೋಗ್ಯ ಕ್ಷೇತ್ರದಲ್ಲಿ ಮಾತ್ರ ಅಳತೆಗೋಲನ್ನು ಭೂತಾನಿಗರೇ ಹಿಡಿದರು. 2018ರಲ್ಲಿ ಪ್ರಧಾನಿಯಾದ ಲೋಟೆ ಶೆರಿಂಗ್ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ ವೈದ್ಯಕೀಯ ಓದಿದ ಮೂತ್ರಾಂಗ ಶಸ್ತ್ರಚಿಕಿತ್ಸಕ. ಪ್ರಧಾನಿಯಾದ ಮೇಲೂ ಶನಿವಾರ ಆಸ್ಪತ್ರೆಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆಗಿನ ಆರೋಗ್ಯ ಸಚಿವೆ ದೆಚೆನ್ ವಾಂಗ್ಮೊ ಸಾರ್ವಜನಿಕ ಆರೋಗ್ಯ ತಜ್ಞೆ. 2021ರ ಜನವರಿಯಲ್ಲಿ ಭಾರತದಿಂದ 1.5 ಲಕ್ಷ ಡೋಸ್ ಕೋವಿಶೀಲ್ಡ್ ಬಂದಾಗ ಇವರು ಅವಸರಪಡಲಿಲ್ಲ. ಮಾರ್ಚ್‌ನಲ್ಲಿ ಇನ್ನೂ 4 ಲಕ್ಷ ಬರುವವರೆಗೆ ಕಾದು, ಮಾರ್ಚ್ 27ರಿಂದ ದೇಶದಾದ್ಯಂತ ಒಂದೇ ಸಲ ಹಾಕಿದರು. ಹಂತಹಂತವಾಗಿ ಕೊಟ್ಟಿದ್ದರೆ ದುರ್ಗಮ ಹಳ್ಳಿಗಳಿಗೆ 2ರಿಂದ 8 ಡಿಗ್ರಿ ಶೀತದಲ್ಲಿ ಲಸಿಕೆ ಸಾಗಿಸುವ ಪಾಡನ್ನು ಮತ್ತೆ ಮತ್ತೆ ಪಡಬೇಕಿತ್ತು. ಎರಡು ವಾರದೊಳಗೆ ಜನಸಂಖ್ಯೆಯ ಶೇ 60ಕ್ಕೂ ಹೆಚ್ಚು ಮಂದಿಗೆ ಮೊದಲ ಡೋಸ್ ಮುಟ್ಟಿತ್ತು. ಆ ಮೇ ತಿಂಗಳಲ್ಲಿ ವಾಂಗ್ಮೊ 74ನೇ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷೆಯಾದರು.

ಇಷ್ಟಾದರೂ ದೊಡ್ಡ ಆತಂಕವೊಂದು ಉಳಿದಿದೆ. ಲುನಾನಾ ಚಿತ್ರದ ಯುವ ಶಿಕ್ಷಕನ ಕನಸು ಆಸ್ಟ್ರೇಲಿಯಾಕ್ಕೆ ಹೋಗುವುದು. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಗಡಿಗಳು ತೆರೆದ ಮೇಲೆ ಸಾವಿರಾರು ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ನಿಜವಾಗಿಯೂ ಹೊರಟುಬಿಟ್ಟರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಊರಲ್ಲೇ ಏನಾದರೂ ಶುರುಮಾಡೋಣವೆಂದರೆ ಬ್ಯಾಂಕು ಮೊದಲು ಕೇಳುವುದು ಅಡಮಾನ. ಇಪ್ಪತ್ತೈದರ ಹುಡುಗನ ಹೆಸರಲ್ಲಿ ಜಮೀನು ಎಲ್ಲಿರುತ್ತದೆ? ಈ ಗಂಟನ್ನು ಬಿಡಿಸಲು ಹೊರಟವರು ಇತಿಹಾಸಕಾರ ಕರ್ಮ ಫುಂಟ್ಶೊ. ನಮ್ಮ ಬೈಲಕುಪ್ಪೆಯ ವಿಹಾರಗಳಲ್ಲಿ ಬೌದ್ಧಶಾಸ್ತ್ರ ಓದಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದವರು, 2024ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರು ಕಟ್ಟಿದ ಲೋಡೆನ್ ಪ್ರತಿಷ್ಠಾನ ಹೊಸ ಉದ್ಯಮಿಗಳಿಗೆ ಮೊದಲು ತರಬೇತಿ ಕೊಡುತ್ತದೆ, ಆಮೇಲೆ ಬಡ್ಡಿಯೂ ಅಡಮಾನವೂ ಇಲ್ಲದ ಸಾಲ ಕೊಡುತ್ತದೆ. ಮರುಪಾವತಿಯಾದ ಹಣ ಮತ್ತೊಬ್ಬರ ಸಾಲಕ್ಕೆ ಹೋಗುತ್ತದೆ.